ಎರಡು ಮನೆಯ ಸಾಕ್ಷಿ

ನಿಘಂಟು ಮಾಡುವವರೆಂದರೆ ಕುರ್ಚಿಯಲ್ಲಿ ಕುಳಿತು ಪದಗಳಿಗೆ ಅಪ್ಪಣೆ ಕೊಡುವ ದೊಡ್ಡ ಮನುಷ್ಯರು ಎಂದು ನಾನೂ ನಂಬಿದ್ದೆ. ಕೆಲಸಕ್ಕೆ ಸೇರಿದ ಮೇಲೆ ಗೊತ್ತಾಯಿತು, ನಾವು ಅಪ್ಪಣೆ ಕೊಡುವವರಲ್ಲ, ಮನೆಮನೆ ತಿರುಗಿ ಕೈಯೊಡ್ಡುವವರು. ನಮ್ಮ ಕಚೇರಿ ಇರುವುದು ಕುಂದಲಹಳ್ಳಿಯಲ್ಲಿ, ಟೈಲ್ಸ್ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ. ಯಾವುದೋ ಟ್ರಸ್ಟಿನವರು ದುಡ್ಡು ಕೊಟ್ಟು, ಫೋನಿನಲ್ಲೇ ನೋಡಿಕೊಳ್ಳಬಹುದಾದ ಒಂದು ಕನ್ನಡ ನಿಘಂಟು ಮಾಡಿಸುತ್ತಿದ್ದರು. ಹಳೆಗನ್ನಡವಲ್ಲ, ಈಗಿನ ಜನ ಈಗ ಆಡುತ್ತಿರುವ ಮಾತು. ನಾನು ರುದ್ರೇಶ. ಕಂಪ್ಯೂಟರ್ ನೋಡಿಕೊಳ್ಳುವುದು, ಕಾರು ಓಡಿಸುವುದು, ಸಂಪಾದಕರ ಹತ್ತಿರ ಬೈಸಿಕೊಳ್ಳುವುದು, ಮೂರೂ ನನ್ನ ಪಾಲಿನ ಕೆಲಸ.

ಸಂಪಾದಕರು ಕಮಲಮ್ಮ ಮೇಡಂ. ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತರಾದವರು. ಗಂಡ ಸಿದ್ದಲಿಂಗಯ್ಯನವರ ಜೊತೆ ಕಚೇರಿಯ ಹಿಂದಿನ ಬೀದಿಯ ಅಪಾರ್ಟ್‌ಮೆಂಟಿನಲ್ಲಿದ್ದರು. ಹಿಡಿದ ಪಟ್ಟು ಬಿಡುವವರಲ್ಲ. ‘ಸಕ್ಕತ್’ ಎಂದು ಬರೆಯಬೇಕೋ ‘ಸಖತ್’ ಎಂದೋ ಎಂದು ನಾವಿಬ್ಬರೂ ಒಂದು ಮಧ್ಯಾಹ್ನವಿಡೀ ಜಗಳವಾಡಿದ್ದೇವೆ. ಮೂಲದಲ್ಲಿ ಮಹಾಪ್ರಾಣ ಇದೆ, ಅದೇ ಸರಿ ಎಂದು ನಾನು ಕೂಗಾಡಿದೆ. ಅವರು ಕಾಫಿ ಹೀರುತ್ತಾ, “ಮೂಲದ ಮನೆ ಹಾಳಾಗಲಿ. ಎಷ್ಟು ಜನ ಹೇಗೆ ಬರೆದಿದ್ದಾರೆ ಎಣಿಸಪ್ಪ” ಎಂದರು. ಎಣಿಸಿದೆ, ಸೋತೆ. ಹೆಚ್ಚು ಜನ ಬರೆದದ್ದು ಮೇಲೆ ಕೂತಿತು, ನನ್ನದು ಅದರ ಕೆಳಗೆ ‘ಹೀಗೂ ಉಂಟು’ ಎಂದು ಸೇರಿತು. ‘ಪಿಜಿ’ ಎಂಬುದಕ್ಕೆ ಮೊದಲ ಅರ್ಥವಾಗಿ ಬಾಡಿಗೆ ವಸತಿಯನ್ನೇ ಕೊಟ್ಟರು, ಓದು ಎರಡನೆಯದಾಯಿತು. “ಜನ ನಡೆದದ್ದೇ ದಾರಿ. ನಾವು ಹಿಂದಿನಿಂದ ಹೋಗಿ ಕಲ್ಲು ನೆಡೋರು, ಅಷ್ಟೇ” ಎನ್ನುತ್ತಿದ್ದರು.

ಬರೆದ ಮಾತಿಗೆ ಎಣಿಕೆಯುಂಟು. ಬಾಯಲ್ಲಷ್ಟೇ ಇರುವ ಮಾತಿಗೆ ಏನು ಮಾಡುವುದು? ಅದಕ್ಕೆ ಮೇಡಂ ಒಂದು ಕಟ್ಟಳೆ ಮಾಡಿದ್ದರು. ಒಂದಕ್ಕೊಂದು ಸಂಬಂಧವಿಲ್ಲದ ಎರಡು ಮನೆಗಳಲ್ಲಿ ಆ ಮಾತನ್ನು ನಾವು ಕಿವಿಯಾರೆ ಕೇಳಿರಬೇಕು. ಮುಖ್ಯವಾಗಿ, ನಾವು ಹೇಳಿಕೊಟ್ಟಿರಬಾರದು. “ಇದಕ್ಕೆ ನೀವು ಹೀಗಂತೀರಲ್ವಾ?” ಎಂದು ಕೇಳಿದರೆ ಪಾಪ, ದೊಡ್ಡವರು ಕೇಳ್ತಿದ್ದಾರೆ ಎಂದು ಜನ ಹೌದು ಎಂದುಬಿಡುತ್ತಾರೆ. ಆದ್ದರಿಂದ ವಸ್ತು ತೋರಿಸಬೇಕು, ಸುತ್ತಿ ಬಳಸಿ ಮಾತಾಡಬೇಕು, ಬಾಯಿ ಮುಚ್ಚಿಕೊಂಡು ಕಾಯಬೇಕು. ಮೇಡಂ ಹುಟ್ಟಿದ್ದು ರೋಣದ ಕಡೆ. ಆದರೂ ಉತ್ತರ ಕರ್ನಾಟಕದ ಜನರ ಮುಂದೆ ಆ ಕಡೆಯ ಮಾತು ಆಡುತ್ತಲೇ ಇರಲಿಲ್ಲ. ತನ್ನ ಮಾತು ಅವರ ಮಾತಿಗೆ ಅಂಟಿಬಿಡುತ್ತದೆ ಎಂಬ ಭಯ. ನನಗಂತೂ ಅದು ಮಡಿವಂತಿಕೆಯ ಅತಿರೇಕ ಎನಿಸುತ್ತಿತ್ತು.

ಐದು ವರ್ಷದಿಂದ ಭಾನುವಾರ ಬಂತೆಂದರೆ ನಮ್ಮ ತಿರುಗಾಟ. ಪೀಣ್ಯದ ಶೆಡ್ಡುಗಳು, ವರ್ತೂರಿನ ಕೆರೆಯಂಚಿನ ತೋಟಗಳು, ಹೆಬ್ಬಗೋಡಿಯ ವಠಾರಗಳು. ಎಲ್ಲಿ ಹೋದರೂ ಕೊನೆಗೆ ಮೇಡಂ ಒಂದೇ ಪ್ರಶ್ನೆ ಕೇಳುತ್ತಿದ್ದರು. “ಮನೇಲಿ ಎಲ್ಲರೂ ಊಟಕ್ಕೆ ಕೂತಿದ್ದೀರಿ ಅಂದ್ಕೊಳ್ಳಿ. ಒಬ್ಬರು ಇನ್ನೂ ಬಂದಿಲ್ಲ. ಆಗ ಏನು ಮಾಡ್ತೀರಿ?”

ವರ್ತೂರಿನಲ್ಲಿ ಸೊಪ್ಪು ಬೆಳೆಯುವ ಪಿಳ್ಳಮ್ಮ ಎಂಬ ಮುದುಕಿ, “ಬರ್ದಿದ್ರೆ ಇನ್ನೇನವ್ವ, ನಾಯಿಗಾಕ್ತೀವಿ” ಎಂದಳು. ಪೀಣ್ಯದಲ್ಲಿ ಒಬ್ಬ, “ಫೋನ್ ಮಾಡಿ ಬೈತೀವಿ ಮೇಡಂ” ಎಂದ. ಇನ್ನೊಬ್ಬಳು ಫ್ರಿಜ್ಜಿನಲ್ಲಿ ಇಡುತ್ತೇನೆಂದಳು. ನಾನು ನಗುತ್ತಿದ್ದೆ. ಮೇಡಂ ನಗುತ್ತಿರಲಿಲ್ಲ. “ತೆಗೆದಿಡ್ತೀರಾ? ಅದಕ್ಕೇನಂತೀರಿ?” ಎಂದು ಮುಂದುವರಿಸುವರು. “ಊಟ ಅಂತೀವಿ” ಎಂಬ ಉತ್ತರ ಬಂದಾಗ ಅವರ ಮುಖ ಒಂದು ಗಳಿಗೆ ಬಾಡುತ್ತಿತ್ತು. ಆಮೇಲೆ ಥ್ಯಾಂಕ್ಸ್ ಹೇಳಿ ಎದ್ದುಬಿಡುತ್ತಿದ್ದರು.

ಒಂದು ಭಾನುವಾರ ಹೆಬ್ಬಗೋಡಿಯಿಂದ ಬರುವಾಗ ಸಿಲ್ಕ್ ಬೋರ್ಡಿನ ಹತ್ತಿರ ಗಾಡಿಗಳೆಲ್ಲ ಬೇರೂರಿ ನಿಂತಿದ್ದವು. ಹೊಟ್ಟೆ ಹಸಿದಿತ್ತು, ತಲೆ ಕೆಟ್ಟಿತ್ತು. “ಮೇಡಂ, ಆ ಊಟದ ಪ್ರಶ್ನೆ ನಮ್ಮ ಕೆಲಸದಲ್ಲೇ ಇಲ್ಲ. ಯಾಕೆ ಎಲ್ಲರ ತಲೆ ತಿಂತೀರಾ?” ಎಂದು ಕೇಳಿಯೇಬಿಟ್ಟೆ. ಬೈಯುತ್ತಾರೆ ಎಂದುಕೊಂಡಿದ್ದೆ. ಬೈಯಲಿಲ್ಲ.

“ನನಗೊಬ್ಬ ಅಣ್ಣ ಇದ್ದ ಕಣೋ, ಸಂಗಣ್ಣ” ಎಂದರು. “ನಾಟಕದ ಹುಚ್ಚು. ಸುತ್ತಲ ಊರಲ್ಲಿ ಎಲ್ಲಿ ನಾಟಕ ಆದ್ರೂ ಹೋಗೋನು. ಅಪ್ಪನಿಗೆ ಅದು ಆಗ್ತಿರಲಿಲ್ಲ. ಹೊತ್ತು ಮೀರಿ ಬಂದೋರಿಗೆ ಈ ಮನೇಲಿ ಅನ್ನ ಇಲ್ಲ ಅಂತ ಕಟ್ಟಪ್ಪಣೆ ಮಾಡಿದ್ರು. ಅವ್ವ ಏನು ಮಾಡೋಳು ಗೊತ್ತಾ? ಯಾರಿಗೂ ಬಡಿಸೋ ಮೊದಲೇ ಒಂದು ಪಾಲು ತೆಗೆದು, ಮುಚ್ಚಿ, ಹಿತ್ತಲ ಬಾಗಿಲ ಪಕ್ಕದ ಗೂಡಲ್ಲಿ ಇಟ್ಟುಬಿಡೋಳು. ಅದಕ್ಕೊಂದು ಹೆಸರಿತ್ತು. ಅಪ್ಪನ ಮುಂದೆ ಆ ಹೆಸರು ಎತ್ತೋ ಹಾಗಿರಲಿಲ್ಲ. ಅಣ್ಣ ಬಂದಾಗ ಬಾಗಿಲಲ್ಲಿ ನಿಂತು ಅವನ ಕಿವೀಲಿ ಅದನ್ನ ಹೇಳೋದು ನನ್ನ ಕೆಲಸ. ಚಿಕ್ಕೋಳಲ್ವಾ, ನನ್ನ ಮೇಲೆ ಯಾರಿಗೂ ಅನುಮಾನ ಬರ್ತಿರಲಿಲ್ಲ.”

“ಆಮೇಲೆ?”

“ಒಂದಿನ ಅಪ್ಪ, ಹೊಸ್ತಿಲು ದಾಟಿದ್ರೆ ಮತ್ತೆ ಒಳಗೆ ಕಾಲಿಡಬೇಡ ಅಂದ್ರು. ಅವನು ದಾಟಿದ. ನಾಟಕ ಕಂಪನಿ ಜೊತೆ ಹೋದ. ಮತ್ತೆ ಬರಲಿಲ್ಲ. ಅವ್ವ ಮಾತ್ರ ತಾನು ಸಾಯೋವರೆಗೂ ತೆಗೆದಿಡೋದು ಬಿಡಲಿಲ್ಲ.”

ಮುಂದಿನ ಬಸ್ಸು ಒಂದು ಮಾರು ಸರಿಯಿತು. ನಾನೂ ಸರಿದೆ. “ಆ ಹೆಸರು ಏನು ಮೇಡಂ?”

ನಾನು ಅವರ ಎಟಿಎಂ ಕಾರ್ಡಿನ ಗುಟ್ಟು ಕೇಳಿದ ಹಾಗೆ ನೋಡಿದರು. “ಹೇಳಿದ್ರೆ ನಿನ್ನ ಬಾಯಿಗೆ ಬೀಳುತ್ತೆ. ನಿನ್ನ ಬಾಯಿಂದ ಇನ್ಯಾರದೋ ಕಿವಿಗೆ. ನಾಳೆ ಅವರೇ ನಮ್ಮ ಮುಂದೆ ಆ ಮಾತು ಆಡಿದ್ರೆ ಅದನ್ನ ನಂಬೋದು ಹೇಗೆ? ನಮ್ಮನೆಯೋರಿಗೂ ಹೇಳಿಲ್ಲ. ಅವ್ವ ಹೋದ ಮೇಲೆ ಒಂದ್ಸಲನೂ ಅದನ್ನ ಬಾಯಿಬಿಟ್ಟು ಅಂದಿಲ್ಲ.”

ಸಿದ್ದಲಿಂಗಯ್ಯನವರು ಒಮ್ಮೆ ಕಚೇರಿಗೆ ಬಂದಾಗ, “ನಮ್ಮವಳ ಬಾಯಲ್ಲಿ ಒಂದು ಲಾಕರ್ ಇದೆ ಕಣ್ರೀ, ಬೀಗದಕೈ ನನ್ನ ಹತ್ರನೂ ಇಲ್ಲ” ಎಂದು ನಕ್ಕಿದ್ದು ನೆನಪಾಯಿತು. ಆಗ ನಾನೂ ಸುಮ್ಮನೆ ನಕ್ಕಿದ್ದೆ.

“ಅದು ಅವ್ವನ ತವರಿನ ಕಡೆ ಎಲ್ಲರೂ ಆಡೋ ಮಾತೋ, ಅವಳೇ ಕಟ್ಟಿಕೊಂಡದ್ದೋ, ನನಗೆ ಗೊತ್ತಿಲ್ಲ” ಎಂದರು ಮೇಡಂ. “ಎಲ್ಲರೂ ಆಡೋದಾದ್ರೆ ಇನ್ನೊಂದು ಮನೇಲಿ ಸಿಗಬೇಕು. ನಮ್ಮ ಮನೆ ಒಂದು, ಅದು ಇನ್ನೊಂದು. ನಿಘಂಟಿಗೆ ಸೇರುತ್ತೆ. ಅವ್ವನ ಮಾತು ಉಳಿಯುತ್ತೆ.”

“ಅವರೇ ಕಟ್ಟಿಕೊಂಡದ್ದಾದ್ರೆ?”

“ಹಾಗಾದ್ರೆ ಅದು ಗೊತ್ತಿರೋರು ಈ ಭೂಮಿ ಮೇಲೆ ಇಬ್ಬರೇ. ನಾನು, ಅಣ್ಣ.” ಕಿಟಕಿಯ ಗಾಜಿನ ಕಡೆ ತಿರುಗಿಕೊಂಡರು. “ಸಿಗ್ನಲ್ ಬಿಟ್ಟಿದೆ, ನಡಿ.”

ಅವತ್ತಿನಿಂದ ನನಗೆ ಆ ಪ್ರಶ್ನೆ ಬೇಸರವಾಗಲಿಲ್ಲ. ಅವರು ಕೇಳುವಾಗ ನಾನೂ ಉಸಿರು ಬಿಗಿಹಿಡಿದು ಉತ್ತರ ಕಾಯುತ್ತಿದ್ದೆ. ಹೆಸರೇ ಗೊತ್ತಿಲ್ಲದ ಮಾತಿಗೆ ಕಾಯುವುದೆಂದರೆ ಮುಖ ಗೊತ್ತಿಲ್ಲದ ನೆಂಟರನ್ನು ಮೆಜೆಸ್ಟಿಕ್ಕಿನಲ್ಲಿ ಕಾದ ಹಾಗೆ. ಪ್ರತಿ ಬಸ್ಸಿನಿಂದ ಇಳಿದವರನ್ನೂ ನೋಡಬೇಕು.

ಅಷ್ಟರಲ್ಲಿ ಟ್ರಸ್ಟಿನವರು ಫೋನ್ ಮಾಡಿದರು. ತಿಂಗಳ ಕೊನೆಗೆ ಪದಗಳ ಬಾಗಿಲು ಮುಚ್ಚುವುದು, ಆಮೇಲೆ ಹೊಸದೇನೂ ಸೇರಿಸುವಂತಿಲ್ಲ, ತಿರುಗಾಟಕ್ಕೆ ಪೆಟ್ರೋಲೂ ಇಲ್ಲ. ಮೇಡಂ “ಆಗಲಿ” ಎಂದು ಇಟ್ಟರು. ಪದ ಹೋದರೆ ಹೋಗಲಿ, ಅವರಿಗೆ ಕಳೆದುಹೋಗುತ್ತಿದ್ದದ್ದು ಬೇರೆ. ಊರ ಕಡೆಯಿಂದ ಬಂದವರ ಅಡುಗೆಮನೆಯಲ್ಲಿ ಹೋಗಿ ಕೂರುವ, ಉತ್ತರ ಬರುತ್ತದೇನೋ ಎಂದು ಕಾಯುವ ನೆಪ. ನಿಘಂಟಿನ ಹೆಸರಿಲ್ಲದೆ ಗುರುತಿಲ್ಲದ ಮನೆಗೆ ಹೋಗಿ “ನಿಮ್ಮಲ್ಲಿ ಯಾರು ಬರೋದು ಬಾಕಿ ಇದೆ?” ಎಂದು ಕೇಳಿದರೆ ಜನ ಏನೆಂದಾರು?

ಉಳಿದದ್ದು ಒಂದೇ ಭಾನುವಾರ. ಹೋದದ್ದು ಹೆಬ್ಬಗೋಡಿಗೆ, ಚನಬಸಪ್ಪನ ಮನೆಗೆ. ಮುದ್ದೇಬಿಹಾಳದ ಕಡೆಯವನು, ಗೇರ್ ಮಾಡುವ ಕಾರ್ಖಾನೆಯಲ್ಲಿ ಕೆಲಸ. ಹಿಂದಿನ ವಾರ ಹೊಸೂರು ರಸ್ತೆಯ ಟೀ ಅಂಗಡಿಯಲ್ಲಿ ಸಿಕ್ಕಿ, ಮಷೀನಿನ ಭಾಗಗಳಿಗೆ ಕೆಲಸಗಾರರು ಇಟ್ಟುಕೊಂಡ ಹೆಸರುಗಳನ್ನೆಲ್ಲ ಹೇಳಿದ್ದ. “ಮುಂದಿನ ಆಯ್ತವಾರ ಮನಿಗೆ ಬರ್ರಿ ಅಕ್ಕಾರ, ರೊಟ್ಟಿ ಉಣಾಕ” ಎಂದು ಕರೆದಿದ್ದ.

ಉದ್ದಕ್ಕೆ ಸಾಲುಕೋಣೆಗಳ ವಠಾರ, ನಡುವೆ ಒಂದು ನಲ್ಲಿ, ಮೇಲೆ ತಗಡು. ಒಂದೇ ಕೋಣೆಯ ಮನೆ. ಚನಬಸಪ್ಪ ಚಾಪೆ ಹಾಸಿ, “ಕುಂದರ್ರಿ, ಕುಂದರ್ರಿ” ಎಂದ. ಅವನ ಹೆಂಡತಿ ಶೇಖವ್ವ ಮೂಲೆಯಲ್ಲಿ ರೊಟ್ಟಿ ತಟ್ಟುತ್ತಿದ್ದಳು. ನಾನು ಫೋನನ್ನು ಚಾಪೆಯ ಮೇಲಿಟ್ಟು ರೆಕಾರ್ಡಿಂಗ್ ಹಚ್ಚಿದೆ. ಎಣ್ಣೆಗಾಯಿಯ ವಾಸನೆಗೆ ನನ್ನ ಅರ್ಧ ಗಮನ ಅಲ್ಲೇ ಹೋಗಿತ್ತು ಎಂಬುದು ಬೇರೆ ಮಾತು.

ಶೇಖವ್ವ ತಟ್ಟೆಗಳನ್ನು ಜೋಡಿಸಿದಳು. ನಮಗೆ ಬಡಿಸುವ ಮೊದಲು ಒಂದು ತಟ್ಟೆಗೆ ಎರಡು ರೊಟ್ಟಿ, ಒಂದು ಬದನೆಕಾಯಿ, ಚಿಟಿಕೆ ಶೇಂಗಾಪುಡಿ ಹಾಕಿ, ಇನ್ನೊಂದು ತಟ್ಟೆ ಮುಚ್ಚಿ, ಬಾಗಿಲ ಪಕ್ಕದ ಹಲಗೆಯ ಮೇಲಿಟ್ಟಳು. ಚಪ್ಪಲಿ ಬಿಟ್ಟಷ್ಟು ಸಹಜವಾಗಿ ಇಟ್ಟು ಬಂದಳು.

ನಾನು ಯಾರಿಗೆ ಎಂದು ಕೇಳಲು ಬಾಯಿ ತೆರೆದೆ. ಮೇಡಂ ನನ್ನ ಮಣಿಕಟ್ಟು ಹಿಡಿದುಕೊಂಡರು. ಆ ಹಿಡಿತ ಇನ್ನೂ ನನಗೆ ನೆನಪಿದೆ.

“ಅದೇನಮ್ಮ, ಅಲ್ಲಿ ಮುಚ್ಚಿಟ್ಟದ್ದು?” ಎಂದು ಕೇಳಿದರು. ಎಂದಿನ ಕಚೇರಿ ಕನ್ನಡವೇ.

“ಅದಾ? ಊಟ ರೀ” ಎಂದಳು ಶೇಖವ್ವ.

ಮೇಡಂ ಕಣ್ಣು ಮುಚ್ಚಿದರು. ನಾನು ಮನಸ್ಸಿನಲ್ಲೇ ಆ ಹೆಣ್ಣುಮಗಳಿಗೆ ಶಾಪ ಹಾಕಿದೆ. ಮೇಡಂ ಬಿಡಲಿಲ್ಲ. “ಯಾರಾದ್ರೂ ಬರೋದಿದೆಯಾ?”

“ಯಾರೂ ಇಲ್ರಿ. ನಮ್ಮನ್ಯಾಗ ದಿನಾ ಇಡತೀವಿ. ಕಡೀಕ ಬಾಜೂ ಮನಿ ಹುಡುಗೂರು ಡ್ಯೂಟಿ ಮುಗಿಸಿ ಬಂದು ಉಣತಾವ.”

“ಬರೀ ಊಟ ಅಂತೀರಾ? ಅದಕ್ಕೆ ಬೇರೆ ಹೆಸರಿಲ್ವಾ?”

“ನಮ್ಮಪ್ಪ ಏನೋ ಅಂತಿದ್ದ ನೋಡ್ರಿ,” ಎಂದು ಚನಬಸಪ್ಪ ತಲೆ ಕೆರೆದುಕೊಂಡ. “ಏನದು… ನಾಲಿಗಿ ಮ್ಯಾಲೇ ಐತಿ…”

ಮೇಡಂ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡರು. ಆ ಮಾತು ಅವರ ಹಲ್ಲಿನ ಹಿಂದೆಯೇ ನಿಂತಿದೆ ಎಂದು ನನಗೆ ಕಾಣುತ್ತಿತ್ತು. ಒಂದು ಅಕ್ಷರ ಅಂದರೆ ಸಾಕು, ಅವನು ಹೌದೌದು ಅನ್ನುತ್ತಾನೆ. ಅಂದರೆ ಎಲ್ಲ ಕೆಟ್ಟಿತು, ಹೌದೋ ಅಲ್ಲವೋ ಎಂದು ಜನ್ಮದಲ್ಲಿ ತಿಳಿಯುವುದಿಲ್ಲ. ಅನ್ನಲಿಲ್ಲ. ತಗಡಿನ ಮೇಲೆ ಕಾಗೆ ನಡೆದಾಡುತ್ತಿತ್ತು. ಚನಬಸಪ್ಪ ಇನ್ನೂ ತಲೆ ಕೆರೆಯುತ್ತಿದ್ದ.

ಶೇಖವ್ವ ಹೆಂಚಿನ ಮೇಲೆ ರೊಟ್ಟಿ ತಿರುವುತ್ತಾ ಈ ಕಡೆ ನೋಡದೆಯೇ ಹೇಳಿದಳು. “ಹಾದ್ಯೆಡಿ ಅಲ್ಲೇನ್ರಿ? ‘ಹಾದ್ಯೆಡಿ ತಗದಿಟ್ಟೀ ಏನವಾ?’ ಅಂತ ಕೇಳೇ ಮಾವಾರು ಉಣ್ಣಾಕ ಕೂಡತಿದ್ರು. ಇಟ್ಟಿಲ್ಲಂದ್ರ ತುತ್ತು ಮುಟ್ಟತಿದ್ದಿಲ್ಲ.”

ಹಾದಿ, ಎಡೆ. ನಮ್ಮ ಕಡೆ ಎಡೆ ಇಡುವುದು ದೇವರಿಗೆ, ಇಲ್ಲವೇ ಸತ್ತ ಹಿರಿಯರಿಗೆ. ಇದು ಬದುಕಿದ್ದು ಇನ್ನೂ ಹಾದಿಯಲ್ಲಿರುವವರಿಗೆ. ಮೇಡಂ ಕಡೆ ನೋಡಿದೆ. ಅವರ ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳುತ್ತಿರಲಿಲ್ಲ. ಸಿಕ್ಕಿತಲ್ಲ, ಎರಡನೆಯ ಮನೆ! ನಾನು ಖುಷಿಯಲ್ಲಿ ಪದ್ಧತಿಯ ಪ್ರಕಾರ ಮುಂದಿನ ಪ್ರಶ್ನೆ ಕೇಳಿದೆ. “ನಿಮ್ಮಪ್ಪನಿಗೆ ಈ ಮಾತು ಎಲ್ಲಿಂದ ಬಂತು ಚನಬಸಪ್ಪ? ಅವರದು ಯಾವೂರು?”

“ಅದ ಗೊತ್ತಿಲ್ರಿ ಸರ. ನಾಟಕ ಕಂಪನ್ಯಾಗ ಹಾರ್ಮೋನಿಯಂ ಬಾರಿಸತಿದ್ದ. ಕಂಪನಿ ನಮ್ಮೂರಾಗ ಮುರಕೊಂಡು ಬಿತ್ತು, ಅಂವ ಅಲ್ಲೇ ಉಳದ, ಮದಿವಿ ಆದ. ಊರು ಯಾವುದಪಾ ಅಂದ್ರ, ‘ಹೊಸ್ತಲಾ ದಾಟಿ ಬಂದವಗ ಊರು ಎಲ್ಲೀದು’ ಅಂತಿದ್ದ.”

ನಾನು ಮೆಲ್ಲನೆ ಮೇಡಂ ಕಡೆ ತಿರುಗಿದೆ.

“ಆ ತಟ್ಟೆ… ಯಾರಿಗೆ ಇಡಿಸ್ತಿದ್ರು?” ಮೇಡಂ ದನಿ ಕೇಳಿಸಿದ್ದೇ ಕಷ್ಟ.

“ಅವನ ತಂಗಿಗಂತ್ರಿ. ಕಮಲಿ ಅಂತ. ಸಣ್ಣಾಕಿ ಇದ್ದಾಗ ಬಿಟ್ಟು ಬಂದಿದ್ನಂತ. ‘ನಾ ತಡಾ ಮಾಡಿ ಬಂದಾಗೆಲ್ಲ ಬಾಗಲಾಗ ನಿಂತು ಕಾಯತಿತ್ತು ಕೂಸು. ಒಂದಿನ ನನ್ನ ಹುಡಿಕ್ಕೊಂಡು ಬಂದ್ರ ಉಪಾಸ ಇರಬಾರದು’ ಅಂತಿದ್ದ.” ಚನಬಸಪ್ಪ ಫೋನು ತೆಗೆದು ಒಂದು ಚಿತ್ರ ತೋರಿಸಿದ. ಬಿಳಿ ಟೊಪ್ಪಿಗೆಯ ಮುದುಕ, ಇದೇ ಬಾಗಿಲಲ್ಲಿ ಕುಳಿತಿದ್ದಾನೆ. “ಹೋಗಿ ಮೂರು ವರ್ಷ ಆತ್ರಿ.”

ಮೇಡಂ ಚಿತ್ರವನ್ನು ದೊಡ್ಡದು ಮಾಡಿ ನೋಡಿದರು. “ಅವ್ವನ ಮೂಗು” ಎಂದರು. ಆಮೇಲೆ ಕೇಳಿದರು, “ಇಲ್ಲೇ ಇದ್ದನಾ? ಈ ಕೋಣೇಲಿ?”

“ಹೂನ್ರಿ. ಕಡೀಗೆ ಐದಾರು ವರ್ಷ ಇಲ್ಲೇ.”

ಕುಂದಲಹಳ್ಳಿಯಿಂದ ಹೆಬ್ಬಗೋಡಿಗೆ ಒಂದು ಗಂಟೆಯ ದಾರಿ. ಆ ವರ್ಷಗಳಲ್ಲಿ ನಾವು ಈ ರಸ್ತೆಯಲ್ಲಿ ಎಷ್ಟು ಸಲ ಓಡಾಡಿಲ್ಲ! ಪಕ್ಕದ ಬೀದಿಯಲ್ಲಿ ಕೂತು ಯಾರಯಾರನ್ನೋ ಅದೇ ಪ್ರಶ್ನೆ ಕೇಳಿ ಎದ್ದು ಬಂದಿದ್ದೇವೆ.

“ರುದ್ರೇಶ, ರೆಕಾರ್ಡಿಂಗ್ ನಿಲ್ಲಿಸು” ಎಂದರು ಮೇಡಂ. “ಈ ಸಾಕ್ಷಿ ನಡೆಯಲ್ಲ.”

ನನಗೆ ಅರ್ಥವಾಗಿತ್ತು, ಒಪ್ಪಲು ಮನಸ್ಸಿರಲಿಲ್ಲ. “ನೀವು ಹೇಳಿಕೊಟ್ಟಿಲ್ಲ ಮೇಡಂ, ಅವರಾಗೇ ಅಂದ್ರು. ಸೇರಿಸಿಬಿಡೋಣ. ಇನ್ನು ಬಾಗಿಲು ಹಾಕ್ತಾರೆ. ನಿಮ್ಮ ತಾಯಿ ಮಾತು ಉಳಿಯಲಿ.”

“ಸೇರಿಸಬೇಕಾದ್ರೆ ಏನಂತ ಬರೀಬೇಕೋ? ಇದು ಬೇರೆ ಮನೆ, ನನಗೂ ಇವರಿಗೂ ಸಂಬಂಧ ಇಲ್ಲ ಅಂತ ಬರೀಬೇಕು.” ಅವರು ನನ್ನನ್ನು ನೋಡಿದರು. “ಅದನ್ನ ನನ್ನ ಕೈಲಿ ಬರೆಸ್ತೀಯಾ?”

ನಾನು ಫೋನು ಎತ್ತಿ ಜೇಬಿಗೆ ಹಾಕಿಕೊಂಡೆ.

ಗಂಡ ಹೆಂಡತಿ ಇಬ್ಬರೂ ಏನೂ ತಿಳಿಯದೆ ನಮ್ಮ ಮುಖ ನೋಡುತ್ತಿದ್ದರು. ಮೇಡಂ ಎದ್ದು ಬಾಗಿಲ ಪಕ್ಕದ ಹಲಗೆಯ ಹತ್ತಿರ ಹೋಗಿ ನಿಂತರು. ಅವರ ಬಾಯಿಂದ ನಾನು ಅದುವರೆಗೆ ಕೇಳಿಯೇ ಇರದ ಮಾತು ಬಂತು, ಅಷ್ಟು ವರ್ಷ ಒಳಗೇ ಕಟ್ಟಿಹಾಕಿದ್ದ ಊರ ಮಾತು. “ಶೇಖವ್ವಾ, ಆ ಹಾದ್ಯೆಡಿ ಇತ್ತ ಕೊಡವಾ. ನಾನ ಕಮಲಿ.”

ರೊಟ್ಟಿ ಹೆಂಚಿನ ಮೇಲೆ ಕರಕಲಾಯಿತು. ಚನಬಸಪ್ಪ “ಅತ್ತೀ” ಎಂದ. ಅಂದವನೇ, ಏನು ಮಾಡುವುದೆಂದು ತಿಳಿಯದೆ ಅವರ ಕಾಲಿಗೆ ಬಿದ್ದ. ಮೇಡಂ ಅವನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಕೂದಲನ್ನು, ಕಿವಿಯನ್ನು, ಮೂಗನ್ನು ಮುಟ್ಟಿ ಮುಟ್ಟಿ ನೋಡಿದರು. ನನಗೆ ಅಲ್ಲಿ ಇರಬಾರದು ಅನಿಸಿತು. ಎದ್ದು ಹೋಗಲೂ ಆಗಲಿಲ್ಲ.

ತಟ್ಟೆಯ ಮುಂದೆ ಕುಳಿತು ಮೇಡಂ ರೊಟ್ಟಿ ಮುರಿದರು. ಮೊದಲ ತುತ್ತು ಬಾಯಿಗೆ ಹೋಗುವ ಮುನ್ನ ಶೇಖವ್ವನ ಕಡೆ ನೋಡಿ, “ಅಂವ ಹೆಂಗ ಕೇಳತಿದ್ದ, ಇನ್ನೊಮ್ಮೆ ಅನ್ನವಾ” ಎಂದರು. ಶೇಖವ್ವ ಅಂದಳು. ಮಾವನ ದನಿಯನ್ನೇ ಅನುಕರಿಸಿದಳೆಂದು ಕಾಣುತ್ತದೆ, ‘ಏನವಾ’ ಎಂಬುದನ್ನು ಹಾಡಿನ ಹಾಗೆ ಎಳೆದಳು. “ಇನ್ನೊಮ್ಮೆ” ಎಂದರು ಮೇಡಂ. ಅವಳು ಮತ್ತೆ ಅಂದಳು. ಇವರು ಉಣ್ಣುತ್ತಾ ಅಳುತ್ತಿದ್ದರು, ಅಳುತ್ತಾ ಉಣ್ಣುತ್ತಿದ್ದರು. ತಟ್ಟೆಯಲ್ಲಿ ಒಂದು ಚೂರೂ ಬಿಡಲಿಲ್ಲ.

ಶೇಖವ್ವ ಖಾಲಿ ತಟ್ಟೆ ಎತ್ತಿಕೊಂಡಳು. ಅದನ್ನು ಕೈಯಲ್ಲಿ ಹಿಡಿದು ಒಂದು ಗಳಿಗೆ ಹಲಗೆಯ ಕಡೆ ನೋಡಿದಳು. “ಅತ್ತಿಯಾರ, ನೀವು ಬಂದ್ರಲ್ಲ. ನಾಳಿಂದ ಇಡೂದು ಬ್ಯಾಡೇನ್ರಿ?” ಎಂದು ಕೇಳಿದಳು. ಕೇಳುವಾಗ ಅವಳ ಮುಖ ಸಣ್ಣದಾಗಿತ್ತು. ಮಾವ ಹೇಳಿಹೋದ ಕೆಲಸ ಮುಗಿಯಿತಲ್ಲ.

ಮೇಡಂ ಸೆರಗಿನಿಂದ ಕಣ್ಣೊರೆಸಿಕೊಂಡರು. ಬಾಗಿಲಾಚೆ ಯಾರೋ ನಲ್ಲಿಯಲ್ಲಿ ಕೊಡ ತುಂಬಿಸುತ್ತಿದ್ದರು.

“ಇಡವಾ” ಎಂದರು. “ಮುಂದಿನ ಆಯ್ತವಾರದ ತನಕ ನಾ ಹಾದ್ಯಾಗ ಇರತೀನಿ.”

ಶೇಖವ್ವ ತಟ್ಟೆ ತೊಳೆಯಲು ನಲ್ಲಿಯ ಕಡೆ ಹೋದಳು.